ಶೇಕಡಾ ಲೆಕ್ಕ: ‘ಯಾವುದರ ನೂರು?’ ಅಂತ ಕೇಳೋದನ್ನ ಮೊದ್ಲು ಕಲಿಸಿ

ಸಂಪಾದಕರಿಗೆ ನಮಸ್ಕಾರ,

ನನ್ನ ಮಗಳು ಏಳನೇ ಕ್ಲಾಸು. ಹೋದ ವಾರ ಗಣಿತದ ಟೆಸ್ಟ್ ಪೇಪರ್ ಮನೆಗೆ ತಂದ್ಲು, ನಾನು ಸಹಿ ಹಾಕ್ಬೇಕಿತ್ತು. ಒಂದು ಲೆಕ್ಕದ ಮೇಲೆ ಕೆಂಪು ಇಂಕಲ್ಲಿ ಅಡ್ಡಗೀಟು, ಪಕ್ಕದಲ್ಲಿ ‘ಸೂತ್ರ ಎಲ್ಲಿ?’ ಅಂತ ಬರೆದಿದ್ರು, 4 ಮಾರ್ಕ್ಸಿಗೆ 1 ಕೊಟ್ಟಿದ್ರು. ಲೆಕ್ಕ ಇಷ್ಟೇ, ಒಂದು ಬ್ಯಾಗಿಗೆ ಶೇ 20 ರಿಯಾಯಿತಿ ಕೊಟ್ಟ ಮೇಲೆ ಅದರ ಬೆಲೆ 640, ಹಾಗಾದ್ರೆ ಮೂಲ ಬೆಲೆ ಎಷ್ಟು. ಅವಳು ಸಾಲಾಗಿ ಐದು ಚೌಕ ಹಾಕಿದ್ಲು, ಕೊನೇ ಚೌಕಕ್ಕೆ ಪೆನ್ಸಿಲಲ್ಲಿ ಗೀಟು ಹೊಡೆದು, ಉಳಿದ ನಾಲ್ಕು ಚೌಕದ ಕೆಳಗೆ ಉದ್ದಕ್ಕೆ ಒಂದು ಬ್ರಾಕೆಟ್ ಎಳೆದು 640 ಅಂತ ಬರೆದಿದ್ಲು. ಒಂದೊಂದು ಚೌಕದೊಳಗೂ 160. ಪಕ್ಕದಲ್ಲಿ 160 × 5 = 800.

ಉತ್ತರ ಸರಿ ಇದೆ. ದಾರಿನೂ ಸರಿ ಇದೆ. 20 ಪರ್ಸೆಂಟ್ ಅಂದ್ರೆ ಐದರಲ್ಲಿ ಒಂದು ಪಾಲು, ಆ ಪಾಲು ಹೋದ ಮೇಲೆ ನಾಲ್ಕು ಪಾಲು ಸೇರಿ 640, ಒಂದು ಪಾಲು 160, ಐದೂ ಪಾಲು ಸೇರಿದ್ರೆ 800. ಇದಕ್ಕಿಂತ ಸ್ಪಷ್ಟವಾಗಿ ಆ ಲೆಕ್ಕನ ನಾನಂತೂ ಮಾಡ್ಲಾರೆ. ಟೀಚರ್ ಮೇಲೆ ನನಗೆ ಸಿಟ್ಟಿಲ್ಲ, ಪೋರ್ಷನ್ ಮುಗಿಸ್ಬೇಕು, ಅಷ್ಟೊಂದು ಪೇಪರ್ ತಿದ್ದಬೇಕು, ಎಲ್ಲಾ ಮಕ್ಳೂ ಒಂದೇ ಥರ ಬರೆದ್ರೆ ತಿದ್ದೋದು ಸುಲಭ ಅನ್ನೋದು ನನಗೂ ಗೊತ್ತಾಗುತ್ತೆ. ಆದ್ರೂ ಆ ಪೇಪರ್ ಕೈಯಲ್ಲಿ ಹಿಡ್ಕೊಂಡಾಗ ಹೊಟ್ಟೆ ಚುರ್ ಅಂತು, ಯಾಕಂದ್ರೆ ಎರಡು ತಿಂಗಳ ಹಿಂದೆ ಇದೇ ಹುಡುಗಿ ಇದೇ ಥರದ ಲೆಕ್ಕಕ್ಕೆ ಸೂತ್ರ ಬರೆದು, ಸ್ಟೆಪ್ ಎಲ್ಲಾ ನೀಟಾಗಿ ಹಾಕಿ, ಕೊನೇಲಿ ಎರಡು ಗೆರೆ ಎಳೆದು ತಪ್ಪು ಉತ್ತರ ಬರೆದಿದ್ಲು.

ಅವತ್ತು ಏನಾಯ್ತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಈ ಪತ್ರ ಬರೀತಿರೋದೇ ಅದಕ್ಕೆ. ಅವಳು 640ರ ಶೇ 20 ಕಂಡುಹಿಡಿದಿದ್ಲು, 128 ಬಂತು, ಅದನ್ನ 640ಕ್ಕೆ ಸೇರಿಸಿ 768 ಅಂತ ಬರೆದಿದ್ಲು. ತಪ್ಪು ಕಣೇ ಅಂದೆ. ಒಪ್ಪಲಿಲ್ಲ. ‘20 ಪರ್ಸೆಂಟ್ ಕಮ್ಮಿ ಮಾಡಿದಾರೆ, 20 ಪರ್ಸೆಂಟ್ ವಾಪಸ್ ಸೇರಿಸಿದ್ರೆ ಮೊದ್ಲಿಂದೇ ಬರ್ಬೇಕಲ್ವಾಮ್ಮಾ’ ಅಂದ್ಲು. ಸರಿ, ಹಾಗಾದ್ರೆ 768ರಲ್ಲಿ 20 ಪರ್ಸೆಂಟ್ ಕಳೆದು ನೋಡು ಅಂದೆ. 153.6 ಬಂತು, ಕಳೆದ್ರೆ 614.4. ಅವಳು 640 ಬರುತ್ತೆ ಅಂತ ಕಾಯ್ತಿದ್ಲು. ಇನ್ನೊಂದ್ಸಲ ಗುಣಿಸಿದ್ಲು, ಮತ್ತೆ ಅದೇ. ಅಳಿಸಿ ಅಳಿಸಿ ಪುಸ್ತಕದ ಹಾಳೆ ತೆಳ್ಳಗಾಗಿತ್ತು.

ಸೂತ್ರ ಇನ್ನೊಂದ್ಸಲ ಹೇಳ್ಕೊಡಕ್ಕೆ ನನಗೆ ಮನಸ್ಸು ಬರ್ಲಿಲ್ಲ. ಟೇಬಲ್ ಮೇಲೆ ಎರಡು ಫೋನ್ ಇತ್ತು, ನಂದು ಮತ್ತೆ ಅವರಪ್ಪಂದು. ನನ್ನ ಫೋನಲ್ಲಿ ಚಾರ್ಜ್ 50 ಪರ್ಸೆಂಟ್ ತೋರಿಸ್ತಿತ್ತು, ಅವರಪ್ಪನ ಹಳೇ ಫೋನಲ್ಲಿ 60. ಯಾವುದರಲ್ಲಿ ಜಾಸ್ತಿ ಚಾರ್ಜ್ ಇದೆ ಅಂತ ಕೇಳ್ದೆ. ಅಪ್ಪಂದ್ರಲ್ಲಿ ಅಂದ್ಲು, ಯೋಚ್ನೆನೇ ಮಾಡ್ದೆ. ನನ್ನ ಫೋನಿನ ಬ್ಯಾಟರಿ 5000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ), ಅದು 3000, ಈಗ ಹೇಳು ಅಂದೆ. ಬೆರಳಲ್ಲಿ ಟೇಬಲ್ ಮೇಲೆ ಬರೀತಾ ಲೆಕ್ಕ ಹಾಕಿದ್ಲು, 5000ದ ಅರ್ಧ 2500, 3000ದ 60 ಪರ್ಸೆಂಟ್ 1800. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ಲು. ಆಮೇಲೆ ಹೇಳಿದ್ಲು, ‘ಅಂದ್ರೆ ಇದರ ನೂರು ಬೇರೆ, ಅದರ ನೂರು ಬೇರೆ.’

ಸಂಪಾದಕರೇ, ಈ ಒಂದು ಮಾತು ಮಗುವಿನ ಬಾಯಲ್ಲಿ ಬಂದ್ರೆ ಶೇಕಡಾ ಪಾಠ ಮುಕ್ಕಾಲು ಮುಗೀತು ಅಂತ ನನ್ನ ನಂಬಿಕೆ. ಬ್ಯಾಗಿನ ಲೆಕ್ಕದಲ್ಲೂ ಆಗಿದ್ದು ಇದೇ. ಕಳೆದ 20 ಪರ್ಸೆಂಟ್ ಹಳೇ ಬೆಲೆಯದ್ದು, ಇವಳು ಸೇರಿಸಿದ 20 ಪರ್ಸೆಂಟ್ ಹೊಸ ಬೆಲೆಯದ್ದು, ಹೊಸ ಬೆಲೆ ಚಿಕ್ಕದು ಆದ್ರಿಂದ ಅದರ 20 ಪರ್ಸೆಂಟೂ ಚಿಕ್ಕದು, ಹಾಗಾಗಿ 160 ಕಳೆದುಹೋಗಿದ್ದ ಜಾಗಕ್ಕೆ 128 ಮಾತ್ರ ವಾಪಸ್ ಬಂತು. ಐದು ಚೌಕ ಹಾಕೋದನ್ನ ಅವತ್ತೇ ಕಲಿತಿದ್ದು. ಅದಕ್ಕೇ ಟೆಸ್ಟಲ್ಲಿ ಚೌಕ ಹಾಕಿದ್ಲು.

ಶೇಕಡಾ ಅನ್ನಿ, ಪ್ರತಿಶತ ಅನ್ನಿ, ಪರ್ಸೆಂಟ್ ಅನ್ನಿ, ಮೂರರ ಹೊಟ್ಟೇಲೂ ಇರೋದು ನೂರೇ. ನಮ್ಮ ಹಿರಿಯರು ‘ನೂರಕ್ಕೆ ಇಷ್ಟು’ ಅಂತಿದ್ರು, ನನಗೆ ಇವೆಲ್ಲಕ್ಕಿಂತ ಅದೇ ಮಾತು ಇಷ್ಟ, ಯಾಕಂದ್ರೆ ‘ನೂರಕ್ಕೆ’ ಅಂದ ತಕ್ಷಣ ಯಾವ ನೂರಕ್ಕೆ ಅನ್ನೋ ಪ್ರಶ್ನೆ ತಾನಾಗೇ ಬರುತ್ತೆ. ಎರಡು ಸೊನ್ನೆ, ನಡುವೆ ಓರೆ ಗೆರೆ ಇರೋ ಆ ಚಿಹ್ನೆ 15ನೇ ಶತಮಾನದ ಇಟಲಿಯ ಲೆಕ್ಕದ ಹಸ್ತಪ್ರತಿಗಳಲ್ಲಿ ‘ನೂರಕ್ಕೆ’ ಅನ್ನೋದನ್ನ ಚಿಕ್ಕದಾಗಿ ಬರೆಯೋ ರೂಢಿಯಿಂದ ಬೆಳೆದು ಬಂದಿದ್ದು, ಅಂದ್ರೆ ಅವರಿಗೂ ಅದು ವ್ಯಾಪಾರದಲ್ಲಿ ದಿನಾ ಬೇಕಾಗಿದ್ದ ಮಾತೇ. ಲೆಕ್ಕ ಮಾಡೋ ದಾರಿ ಇನ್ನೂ ಹಳೇದು. ಆರ್ಯಭಟ 499ರಲ್ಲೇ ತ್ರೈರಾಶಿಕ ಹೇಳಿದಾನೆ, ಪ್ರಮಾಣ, ಫಲ, ಇಚ್ಛೆ ಅಂತ ಮೂರು ಸಂಖ್ಯೆ, ಫಲನ ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸೋದು. ಬ್ಯಾಗಿನ ಲೆಕ್ಕನ ಈ ದಾರೀಲಿ ಹೇಳಿದ್ರೆ, 80 ಇದ್ದಾಗ ಮೂಲ 100, ಹಾಗಾದ್ರೆ 640 ಇದ್ದಾಗ ಮೂಲ ಎಷ್ಟು, 100 × 640 ÷ 80, ಮತ್ತೆ 800. ನನ್ನ ಮಗಳ ಚೌಕಗಳು ಹೇಳಿದ್ದೂ ಇದನ್ನೇ.

ಪುಸ್ತಕಗಳಲ್ಲಿ ಈ ಪಾಠನ ಮೂರು ಥರದ ಲೆಕ್ಕ ಅಂತ ಕೊಡ್ತಾರೆ. ಒಂದು ಸಂಖ್ಯೆಯ ಶೇ ಇಷ್ಟು ಎಷ್ಟು, ಒಂದು ಸಂಖ್ಯೆ ಇನ್ನೊಂದರ ಶೇ ಎಷ್ಟು, ಶೇ ಇಷ್ಟು ಇಷ್ಟಾದ್ರೆ ಪೂರ್ತಿ ಎಷ್ಟು. ಮೂರಕ್ಕೂ ಬೇರೆ ಬೇರೆ ಸೂತ್ರ. ಮಕ್ಳು ಮೂರನ್ನೂ ಬಾಯಿಪಾಠ ಮಾಡ್ತಾರೆ, ಪರೀಕ್ಷೇಲಿ ಯಾವ ಲೆಕ್ಕಕ್ಕೆ ಯಾವ ಸೂತ್ರ ಅಂತ ಗೊತ್ತಾಗದೆ, ಕಂಡ ಎರಡು ಸಂಖ್ಯೆ ಗುಣಿಸಿ ನೂರರಿಂದ ಭಾಗಿಸಿಬಿಡ್ತಾರೆ. ನಿಜವಾಗಿ ಇರೋದು ಒಂದೇ ಸಂಬಂಧ, ಪೂರ್ತಿ, ಪಾಲು, ನೂರಕ್ಕೆ ಎಷ್ಟು ಅನ್ನೋ ದರ, ಈ ಮೂರರಲ್ಲಿ ಎರಡು ಗೊತ್ತಿದ್ರೆ ಮೂರನೇದು ಸಿಗುತ್ತೆ. ಲೆಕ್ಕ ಓದಿದ ತಕ್ಷಣ ‘ಇದರಲ್ಲಿ ಪೂರ್ತಿ ಯಾವುದು’ ಅಂತ ಕೇಳ್ಕೊಂಡು ಅದರ ಪಕ್ಕ 100 ಅಂತ ಬರೆದ್ರೆ ಸಾಕು, ಉಳಿದಿದ್ದು ಗುಣಾಕಾರ ಭಾಗಾಕಾರ ಅಷ್ಟೇ.

ಬಾಯಿಲೆಕ್ಕನೂ ಶಾಲೇಲಿ ಕಮ್ಮಿ ಆಗೋಗಿದೆ. 80ರ 35 ಪರ್ಸೆಂಟ್ ಕೇಳಿದ್ರೆ ಮಕ್ಳು ಪೆನ್ನು ಹುಡುಕ್ತಾರೆ. 10 ಪರ್ಸೆಂಟ್ 8, ಹಾಗಾದ್ರೆ 30 ಪರ್ಸೆಂಟ್ 24, 5 ಪರ್ಸೆಂಟ್ ಅಂದ್ರೆ 8ರ ಅರ್ಧ 4, ಒಟ್ಟು 28, ಬರೆಯೋದಕ್ಕಿಂತ ಬೇಗ ಬಾಯಲ್ಲೇ ಬರುತ್ತೆ. ಇನ್ನೊಂದು ಮಕ್ಳಿಗೆ ತುಂಬಾ ಖುಷಿ ಕೊಡೋದು, 25ರ 16 ಪರ್ಸೆಂಟ್ ಕಷ್ಟ ಅನ್ಸುತ್ತೆ, ತಿರುಗಿಸಿ 16ರ 25 ಪರ್ಸೆಂಟ್ ಅಂತ ಓದಿದ್ರೆ ಕಾಲು ಭಾಗ, 4. ಎರಡೂ ಒಂದೇ, ಯಾಕಂದ್ರೆ ಎರಡರಲ್ಲೂ 16 ಮತ್ತೆ 25ನ್ನ ಗುಣಿಸಿ ನೂರರಿಂದ ಭಾಗಿಸ್ತಿದೀವಿ. 75ರ 4 ಪರ್ಸೆಂಟ್ ಅಂದ್ರೆ 4ರ ಮುಕ್ಕಾಲು, 3. ಇದನ್ನ ಹೇಳ್ಕೊಟ್ಟ ದಿನ ನನ್ನ ಮಗಳು ಮಲಗೋ ತನಕ ಮನೇಲಿ ಕಂಡ ಕಂಡವರಿಗೆಲ್ಲ ಪ್ರಶ್ನೆ ಕೇಳ್ತಿದ್ಲು.

ಈಗ ದಿನನಿತ್ಯದ ವಿಷಯಕ್ಕೆ ಬರ್ತೀನಿ, ದೊಡ್ಡವರೂ ಇಲ್ಲೇ ಬೀಳೋದು. ಯಾವುದೋ ವಸ್ತುವಿನ ಬೆಲೆ ಶೇ 20 ಏರ್ತು, ಆಮೇಲೆ ಶೇ 20 ಇಳೀತು, ಅಲ್ಲಿಗಲ್ಲಿಗೆ ಸರಿ ಹೋಯ್ತು ಅಂದ್ಕೊಳ್ತೀವಿ. ಇಲ್ಲ, 100 ಇದ್ದದ್ದು 120 ಆಗಿ, 120ರ 20 ಪರ್ಸೆಂಟ್ ಅಂದ್ರೆ 24 ಹೋಗಿ 96ಕ್ಕೆ ನಿಂತಿದೆ. ಮೊದ್ಲು ಇಳಿದು ಆಮೇಲೆ ಏರಿದ್ರೂ 96ನೇ. ಶೇ 50 ಆದ್ರೆ ಇನ್ನೂ ಎದ್ದು ಕಾಣುತ್ತೆ, 100 ಅರ್ಧಕ್ಕಿಳಿದು 50 ಆಯ್ತು, 50 ಪರ್ಸೆಂಟ್ ಚೇತರಿಸ್ಕೊಂಡಿದೆ ಅಂತ ಹೇಳಿದ್ರೆ 75 ಮಾತ್ರ, ಮೊದಲಿದ್ದ ಕಡೆಗೆ ಬರ್ಬೇಕು ಅಂದ್ರೆ ಪೂರ್ತಿ 100 ಪರ್ಸೆಂಟ್ ಏರ್ಬೇಕು. ರಿಯಾಯಿತಿ ಮೇಲೆ ರಿಯಾಯಿತಿನೂ ಹೀಗೇ, 50 ಪರ್ಸೆಂಟ್ ಡಿಸ್ಕೌಂಟು, ಅದರ ಮೇಲೆ ಇನ್ನೂ 20 ಪರ್ಸೆಂಟ್ ಅಂದ್ರೆ ಒಟ್ಟು 70 ಅಂತ ಕೂಡಿಸ್ತೀವಿ, ಆದ್ರೆ ಆ 20 ಪರ್ಸೆಂಟ್ ಉಳಿದ ಅರ್ಧದ್ದು, 50ರ 20 ಪರ್ಸೆಂಟ್ 10, ಒಟ್ಟು 60 ಪರ್ಸೆಂಟೇ. ತೆರಿಗೆ ಸೇರಿದ ಬಿಲ್ಲಿಂದ ತೆರಿಗೆ ತೆಗೆಯೋವಾಗ್ಲೂ ಅಷ್ಟೇ, ಶೇ 10 ತೆರಿಗೆ ಸೇರಿ 110 ಆಗಿದ್ರೆ 110ರ ಶೇ 10 ಕಳೆದ್ರೆ 99 ಬರುತ್ತೆ, 100 ಬರಲ್ಲ. 1.1ರಿಂದ ಭಾಗಿಸ್ಬೇಕು.

ಲಾಭ ನಷ್ಟದ ಪಾಠದಲ್ಲಿ ಈ ‘ಯಾವುದರ ನೂರು’ ಅನ್ನೋದನ್ನ ಒಂದು ಸಾಲಲ್ಲಿ ಹೇಳಿ ಮುಂದಕ್ಕೆ ಹೋಗಿಬಿಡ್ತಾರೆ, ಲಾಭದ ಶೇಕಡಾ ಯಾವಾಗ್ಲೂ ಕೊಂಡ ಬೆಲೆ ಮೇಲೆ ಅಂತ. ಯಾಕೆ ಅಂತ ಮಕ್ಳು ಕೇಳಲ್ಲ. 80ಕ್ಕೆ ಕೊಂಡು 100ಕ್ಕೆ ಮಾರಿದ್ರೆ ಲಾಭ 20, ಕೊಂಡ ಬೆಲೆ ಮೇಲೆ ನೋಡಿದ್ರೆ ಶೇ 25, ಮಾರಿದ ಬೆಲೆ ಮೇಲೆ ನೋಡಿದ್ರೆ ಶೇ 20, ಎರಡೂ ಸುಳ್ಳಲ್ಲ, ಯಾವ ಬೆಲೆ ಮೇಲೆ ಹೇಳ್ತಿದೀವಿ ಅನ್ನೋದು ಮುಖ್ಯ. ಇದನ್ನ ಕ್ಲಾಸಲ್ಲಿ ಹತ್ತು ನಿಮಿಷ ಮಕ್ಕಳ ಹತ್ರಾನೇ ಚರ್ಚೆ ಮಾಡ್ಸಿದ್ರೆ, ಅವರು ‘ಅದು ಇದಕ್ಕಿಂತ 25 ಪರ್ಸೆಂಟ್ ಜಾಸ್ತಿ’, ‘ಇದು ಅದಕ್ಕಿಂತ 20 ಪರ್ಸೆಂಟ್ ಕಮ್ಮಿ’ ಅನ್ನೋ ಎರಡು ಮಾತು ಒಂದೇ ಸಂಗತಿನ ಎರಡು ಕಡೆಯಿಂದ ನೋಡಿ ಹೇಳಿದ್ದು ಅಂತ ತಾವೇ ಕಂಡ್ಕೊಳ್ತಾರೆ.

ಮಾರ್ಕ್ಸಿನ ಸರಾಸರೀಲೂ ಇದೇ ತಪ್ಪು. ಒಂದು ಟೆಸ್ಟಲ್ಲಿ 10ಕ್ಕೆ 9, ಅಂದ್ರೆ ಶೇ 90. ಇನ್ನೊಂದರಲ್ಲಿ 50ಕ್ಕೆ 30, ಶೇ 60. ಎರಡನ್ನೂ ಕೂಡಿ ಅರ್ಧ ಮಾಡಿ ಶೇ 75 ಅಂತ ಮಕ್ಳು ಮನೇಲಿ ಹೇಳ್ತಾರೆ, ಅಪ್ಪ ಅಮ್ಮಂದಿರೂ ನಂಬ್ತಾರೆ. ನಿಜ ನೋಡಿದ್ರೆ 60ಕ್ಕೆ 39, ಶೇ 65. ಎರಡು ಟೆಸ್ಟಿಗೂ ಒಂದೇ ತೂಕ ಅಂತ ಮೊದಲೇ ಹೇಳಿದ್ರೆ 75 ಅನ್ನಬಹುದು, ಹಾಗೆ ಹೇಳದಿದ್ದಾಗ ಎರಡರ ನೂರೂ ಬೇರೆ ಬೇರೆ.

ಸಾಲದ ವಿಷಯಕ್ಕೆ ಬಂದ್ರೆ ಇದು ಮಾರ್ಕ್ಸಿಗಿಂತ ದೊಡ್ಡ ಸಂಗತಿ ಆಗುತ್ತೆ. ತಿಂಗಳಿಗೆ ಶೇ 3 ಬಡ್ಡಿ ಅಂದ್ರೆ ಕಿವಿಗೆ ಚಿಕ್ಕದಾಗಿ ಕೇಳ್ಸುತ್ತೆ. ಸ್ವಲ್ಪ ಲೆಕ್ಕ ಬಲ್ಲವರು ಹನ್ನೆರಡರಿಂದ ಗುಣಿಸಿ ವರ್ಷಕ್ಕೆ 36 ಅಂತಾರೆ. ಕಟ್ಟದೇ ಬಿಟ್ಟ ಬಡ್ಡಿ ತಿಂಗಳು ತಿಂಗಳು ಅಸಲಿಗೆ ಸೇರ್ತಾ ಹೋದ್ರೆ ಪ್ರತಿ ತಿಂಗಳ ನೂರೂ ಹಿಂದಿನ ತಿಂಗಳ ನೂರಿಗಿಂತ ದೊಡ್ಡದು, ಹಾಗಾಗಿ ವರ್ಷದ ಕೊನೆಗೆ 100 ಇದ್ದ ಸಾಲ 142.6ರ ಹತ್ರ ಬಂದಿರುತ್ತೆ. ವರ್ಷಕ್ಕೆ ಶೇ 10 ಚಕ್ರಬಡ್ಡಿ ಆದ್ರೂ ಏಳು ವರ್ಷದಲ್ಲಿ 100 ಇದ್ದದ್ದು ಸುಮಾರು 195 ಆಗುತ್ತೆ, ಹೆಚ್ಚೂ ಕಮ್ಮಿ ಎರಡರಷ್ಟು. ಚಕ್ರಬಡ್ಡಿ ಸೂತ್ರ ಬಾಯಿಪಾಠ ಮಾಡಿ ಪಾಸಾದವರು ಎಷ್ಟೋ ಜನ ಸಾಲದ ಕಾಗದಕ್ಕೆ ಸಹಿ ಹಾಕೋವಾಗ ಈ ಒಂದು ಗುಣಾಕಾರ ಮಾಡಿ ನೋಡಲ್ಲ, ಯಾಕಂದ್ರೆ ಶಾಲೇಲಿ ಅದು ಸೂತ್ರ ಆಗಿತ್ತು, ದುಡ್ಡಾಗಿರ್ಲಿಲ್ಲ. ಇದು ನನಗೆ ತುಂಬಾ ನೋವು ಕೊಡೋ ಮಾತು.

ಈಗ ನಿಮ್ಮ ಹತ್ರ ಒಂದು ವಿನಂತಿ, ತಪ್ಪು ತಿಳ್ಕೋಬೇಡಿ. ಪತ್ರಿಕೆಗಳಲ್ಲೂ ಶೇಕಡಾ ಬರೆಯೋವಾಗ ಅದು ಯಾವುದರ ಶೇಕಡಾ ಅನ್ನೋದು ಎಷ್ಟೋ ಸಲ ಬಿಟ್ಟು ಹೋಗಿರುತ್ತೆ. ಬಡ್ಡಿ ದರ 4 ಪರ್ಸೆಂಟಿಂದ 5 ಪರ್ಸೆಂಟಿಗೆ ಹೋದ್ರೆ ‘ಶೇ 1ರಷ್ಟು ಏರಿಕೆ’ ಅಂತ ಬರೀತಾರೆ. ಏರಿದ್ದು ಒಂದು ಪರ್ಸೆಂಟೇಜ್ ಪಾಯಿಂಟು, ಅಂದ್ರೆ ಎರಡು ಶೇಕಡಾ ದರಗಳ ನಡುವಿನ ನೇರ ವ್ಯತ್ಯಾಸ, 4ಕ್ಕೆ ಹೋಲಿಸಿದ್ರೆ ಏರಿಕೆ ಶೇ 25. ಬಡ್ಡಿ ಕಟ್ಟೋನಿಗೆ ಮೊದಲು 4 ಕಟ್ತಿದ್ದ ಕಡೆ ಈಗ 5, ಅಂದ್ರೆ ಕಾಲು ಭಾಗ ಜಾಸ್ತಿ, ಅವನಿಗೆ ಆ 25 ಪರ್ಸೆಂಟೇ ತಾಗೋದು.

ಇದು ಬರೀ ಪದದ ಜಗಳ ಅಲ್ಲ ಅಂತ ತೋರಿಸೋದಕ್ಕೆ ಒಂದು ಘಟನೆ ಇದೆ. 1995ರಲ್ಲಿ ಬ್ರಿಟನ್ನಿನಲ್ಲಿ ಕೆಲವು ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟೋ ಅಪಾಯ ಎರಡರಷ್ಟಾಗುತ್ತೆ, ಅಂದ್ರೆ 100 ಪರ್ಸೆಂಟ್ ಜಾಸ್ತಿ ಅಂತ ಎಚ್ಚರಿಕೆ ಹೊರಬಿತ್ತು, ಸುದ್ದಿಯಲ್ಲೂ ಹಾಗೇ ಬಂತು. 100 ಪರ್ಸೆಂಟ್ ಅಂತ ಕೇಳಿದ್ರೆ ಯಾರಿಗೆ ಭಯ ಆಗಲ್ಲ. ಒಳಗಿದ್ದ ಸಂಖ್ಯೆ ನೋಡಿದ್ರೆ ಮೊದ್ಲು ಸುಮಾರು 7,000 ಹೆಂಗಸರಲ್ಲಿ ಒಬ್ಬರಿಗೆ ಬರ್ತಿದ್ದದ್ದು ಇಬ್ಬರಿಗೆ ಬರ್ತಿತ್ತು, ಅಷ್ಟೇ. ಅದೂ ಸಣ್ಣ ವಿಷಯ ಅಂತ ನಾನು ಹೇಳ್ತಿಲ್ಲ, ಆ ಒಬ್ಬಳ ಜೀವನೂ ಜೀವವೇ. ಆದ್ರೆ ಭಯ ಬಿದ್ದು ಸಾಕಷ್ಟು ಹೆಂಗಸರು ಮಾತ್ರೆ ನಿಲ್ಲಿಸಿಬಿಟ್ರು, ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತ ಹೆಚ್ಚಾಗಿ ನಡೆದವು ಅಂತ ಅಂದಾಜು ಮಾಡಿದಾರೆ. ಬಸಿರಲ್ಲೂ ಹೆರಿಗೆಯಲ್ಲೂ ಹೆಪ್ಪುಗಟ್ಟೋ ಅಪಾಯ ಆ ಮಾತ್ರೆಗಿಂತ ಜಾಸ್ತಿನೇ. ‘ಎರಡರಷ್ಟು’ ಅನ್ನೋದರ ಪಕ್ಕ ‘7,000ಕ್ಕೆ ಒಬ್ಬರಿಂದ ಇಬ್ಬರು’ ಅಂತ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆದಿದ್ರೆ ಎಷ್ಟು ಜನ ಮನೇಲಿ ಸಮಾಧಾನವಾಗಿ ಕೂತು ಡಾಕ್ಟರ್ ಹತ್ರ ಕೇಳ್ತಿದ್ರೋ.

ಹಾಗಾಗಿ ಕೇಳ್ಕೊಳ್ತೀನಿ, ಶೇಕಡಾ ಹಾಕಿದ ಕಡೆ ಪಕ್ಕದಲ್ಲೇ ಎಷ್ಟರಲ್ಲಿ ಎಷ್ಟು ಅನ್ನೋದನ್ನೂ ಹಾಕಿ. ಫಲಿತಾಂಶದ ಸುದ್ದಿ ಇರ್ಲಿ, ಸರ್ವೆ ಇರ್ಲಿ, ‘ಶೇ 60 ಜನ ಒಪ್ಪಿದ್ದಾರೆ’ ಅಂತ ಇದ್ರೆ ಐದು ಜನರನ್ನ ಕೇಳಿ ಮೂವರು ಒಪ್ಪಿದ್ರೂ ಶೇ 60ನೇ, ಐದು ಸಾವಿರ ಜನರನ್ನ ಕೇಳಿದ್ರೂ ಶೇ 60ನೇ. ನಮ್ಮನೇಲಿ ಮಗಳು ಈಗ ಪೇಪರ್ ಓದೋವಾಗ ಶೇಕಡಾ ಕಂಡ ಕಡೆ ಪೆನ್ಸಿಲಲ್ಲಿ ಸುತ್ತು ಹಾಕಿ ‘ಯಾವುದರದ್ದು?’ ಅಂತ ಬರೀತಾಳೆ. ಕೆಲವು ದಿನ ಅವಳ ಪ್ರಶ್ನೆಗೆ ಅದೇ ಸುದ್ದಿಯಲ್ಲಿ ಉತ್ತರ ಇರುತ್ತೆ, ಎಷ್ಟೋ ದಿನ ಇರಲ್ಲ.

ಪ್ರಶ್ನೆಪತ್ರಿಕೆ ಮಾಡೋ ಮೇಷ್ಟ್ರುಗಳಿಗೂ ಮೇಡಂಗಳಿಗೂ ನಿಮ್ಮ ಪತ್ರಿಕೆ ಮೂಲಕ ಹೇಳೋದಿಷ್ಟು. ಸೂತ್ರ ಬೇಡ ಅಂತ ನಾನು ಹೇಳ್ತಿಲ್ಲ, ದೊಡ್ಡ ಕ್ಲಾಸಿಗೆ ಹೋದಾಗ ಅದು ಬೇಕು, ಕೈಗೆ ಬರ್ಬೇಕು. ಆದ್ರೆ ಏಳನೇ ಕ್ಲಾಸಲ್ಲಿ ಚೌಕ ಹಾಕಿದ ಮಗು, ಗೆರೆ ಎಳೆದು ಹತ್ತು ಭಾಗ ಮಾಡಿದ ಮಗು, 10 ಪರ್ಸೆಂಟ್ ಮೊದಲು ಕಂಡುಹಿಡಿದು ಕೂಡಿಸ್ತಾ ಹೋದ ಮಗು, ಇವರೆಲ್ಲಾ ಲೆಕ್ಕ ಅರ್ಥ ಮಾಡ್ಕೊಂಡಿದಾರೆ ಅನ್ನೋದಕ್ಕೆ ಪೇಪರಲ್ಲೇ ಸಾಕ್ಷಿ ಇದೆ, ಅವರಿಗೆ ಪೂರ್ತಿ ಮಾರ್ಕ್ಸ್ ಕೊಡಿ. ಎಲ್ಲಾ ಲೆಕ್ಕದಲ್ಲೂ ಉತ್ತರ ಕೇಳ್ಬೇಕು ಅಂತಿಲ್ಲ, ಒಂದೆರಡು ಪ್ರಶ್ನೆ ‘ಇದರಲ್ಲಿ 100 ಅಂತ ಯಾವುದನ್ನ ತಗೊಂಡಿದಾರೆ, ಬರೀರಿ’ ಅಂತ ಅಷ್ಟೇ ಕೇಳಿ ನೋಡಿ, ಯಾವ ಮಗುವಿಗೆ ಎಲ್ಲಿ ಗೊಂದಲ ಇದೆ ಅಂತ ನಿಮಗೇ ಅರ್ಧ ಗಂಟೇಲಿ ಗೊತ್ತಾಗುತ್ತೆ. ಬಂದ ಉತ್ತರನ ವಾಪಸ್ ಇಟ್ಟು ತಾಳೆ ನೋಡೋದಕ್ಕೂ ಒಂದು ಮಾರ್ಕ್ ಇಡಿ. 768 ಅಂತ ಬರೆದವಳು ಅದರ 20 ಪರ್ಸೆಂಟ್ ಕಳೆದು ನೋಡಿದ್ದಕ್ಕೇ ಅಲ್ವಾ ಅವತ್ತು ನಮ್ಮನೇಲಿ ತಪ್ಪು ಹೊರಗೆ ಬಂದಿದ್ದು.

ಆ ಪೇಪರಿಗೆ ಸಹಿ ಹಾಕಿ ಕಳಿಸಿದೀನಿ. 3 ಮಾರ್ಕ್ಸ್ ವಾಪಸ್ ಕೊಡಿ ಅಂತ ಕೇಳಿಲ್ಲ, ಚೌಕಗಳನ್ನ ಒಂದ್ಸಲ ನೋಡಿ ಅಂತ ಕೆಳಗೆ ಒಂದು ಸಾಲು ಬರೆದಿದೀನಿ. ಮುಂದಿನ ತಿಂಗಳು ಮತ್ತೆ ಟೆಸ್ಟ್ ಇದೆ, ಈ ಸಲ ಚೌಕ ಹಾಕ್ಲಾ ಬೇಡ್ವಾ ಅಂತ ಮಗಳು ನಿನ್ನೆ ರಾತ್ರಿ ಕೇಳಿದ್ಲು. ಮೊದ್ಲು ಚೌಕ ಹಾಕು, ಆಮೇಲೆ ಪಕ್ಕದಲ್ಲಿ ಸೂತ್ರಾನೂ ಬರಿ ಅಂದಿದೀನಿ.

ಇಂತಿ,
ಏಳನೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿ, ನಿಮ್ಮ ಪತ್ರಿಕೆಯ ಓದುಗಾರ್ತಿ